ಬಿಳಿಯ ಮೇಲೆ ಬಿಳಿ ಅಕ್ಷರ

ಬೆಳಿಗ್ಗೆ ಅಂಗಡಿಯ ಬೀಗ ತೆಗೆದ ಕೂಡಲೇ ಗುಬ್ಬಿಯ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದಲ್ಲ, ಮೇಜು ಒರೆಸುವುದೂ ಅಲ್ಲ. ಒಂದು ಬಕೆಟ್ ನೀರು ತಂದು ಅಂಗಡಿಯ ಮುಂದಿನ ಕಾಲುದಾರಿಗೆ ಸುರಿದು, ಕಡ್ಡಿ ಪೊರಕೆಯಿಂದ ಗಸಗಸನೆ ಉಜ್ಜುತ್ತಿದ್ದ. ಹಿಂದಿನ ಸಂಜೆ ಬೀದಿಯ ಮಕ್ಕಳು ಸೀಮೆಸುಣ್ಣದಲ್ಲಿ ಬರೆದುಹೋದ ಚೌಕಗಳು ಮೊದಲು ಮಸುಕಾಗಿ, ಆಮೇಲೆ ಬಿಳಿ ನೀರಾಗಿ ಚರಂಡಿಗೆ ಹೋಗುತ್ತಿದ್ದವು. ಸಂಜೆ ಮಕ್ಕಳು ಮತ್ತೆ ಬರೆಯುತ್ತಿದ್ದರು. ಬೆಳಿಗ್ಗೆ ಅಪ್ಪ ಮತ್ತೆ ತೊಳೆಯುತ್ತಿದ್ದ.

"ಏನ್ರೀ, ಬೀದೀನ ಕನ್ನಡಿ ಮಾಡಿ ಮುಖ ನೋಡ್ಕೊತೀರಾ?" ಎಂದು ಎದುರಿನ ಗಡಿಯಾರ ರಿಪೇರಿಯವನು ಛೇಡಿಸುತ್ತಿದ್ದ.

"ಸುಣ್ಣದ ಮೇಲೆ ಗಿರಾಕಿ ಜಾರಿಬಿದ್ರೆ ಏನ್ ಮಾಡ್ಲಿ?"

"ಸುಣ್ಣಕ್ಕೆ ಯಾರೂ ಜಾರಲ್ಲ. ನಿಮ್ಮ ನೀರಿಗೆ ಜಾರಿದ್ರೆ ಉಂಟು!"

ಅಪ್ಪ ನಕ್ಕು ಮತ್ತೆ ಉಜ್ಜುತ್ತಿದ್ದ. ನಿಜವಾದ ಕಾರಣ ಗೊತ್ತಿದ್ದದ್ದು ಮಗಳಿಗೆ ಮಾತ್ರ. ಅಪ್ಪ ತೊಳೆಯುತ್ತಿದ್ದುದು ಸುಣ್ಣವನ್ನಲ್ಲ, ಆ ಆಟದ ಹೆಸರನ್ನು.

ಗುಬ್ಬಿಯ ಬಲಗಾಲು ಹುಟ್ಟಿನಿಂದಲೇ ಎಡಗಾಲಿಗಿಂತ ನಾಲ್ಕು ಬೆರಳು ಗಿಡ್ಡ. ಆರು ವರ್ಷದವಳಿದ್ದಾಗ ಒಂದು ಸಂಜೆ ಅವಳೂ ಬಿಲ್ಲೆ ಹಿಡಿದು ಚೌಕದ ಮುಂದೆ ನಿಂತಿದ್ದಳು. ಯಾರೋ ಒಬ್ಬ ಹುಡುಗ, "ಕುಂಟನಿಗೆ ಎಂಟು ಚೇಷ್ಟೆ, ಕುಂಟಿಗೆ ಕುಂಟೆಬಿಲ್ಲೆ!" ಎಂದು ಕೂಗಿದ. ಬೀದಿಯೆಲ್ಲ ನಕ್ಕಿತು. ಅಪ್ಪ ಹೊಲಿಯುತ್ತಿದ್ದದ್ದನ್ನು ಬಿಟ್ಟು ಓಡಿಬಂದು, ಮಗಳನ್ನು ಎತ್ತಿಕೊಂಡು ಒಳಗೆ ಹೋದ. ಮರುದಿನದಿಂದ ಈ ಬಕೆಟ್ಟು ಶುರುವಾಯಿತು.

ಅಂದಿನಿಂದ ಆ ಮನೆಯಲ್ಲಿ ಆ ಪದಕ್ಕೆ ಜಾಗವಿಲ್ಲ. ಯಾವ ಮಟ್ಟಿಗೆ ಎಂದರೆ, ಬೇರೆಯವರು 'ಕುಂಟು ನೆಪ' ಅನ್ನುವ ಕಡೆ ಇವರ ಮನೆಯಲ್ಲಿ 'ಸೊಟ್ಟ ನೆಪ' ಅನ್ನಬೇಕು. ಕೆಲಸ ಕುಂಟುವಂತಿಲ್ಲ, ಬೇಕಾದರೆ ತೆವಳಬಹುದು. ಆಟದ ಹೆಸರು 'ಚೌಕದಾಟ'. ಗುಬ್ಬಿಯ ಸೋದರಮಾವ ಒಮ್ಮೆ ಊಟದ ನಡುವೆ, "ಸರ್ಕಾರಿ ಕೆಲಸ ಕುಂಟ್ಕೊಂಡು..." ಎಂದು ಶುರುಮಾಡಿ, ಭಾವನ ಮುಖ ನೋಡಿ ತುತ್ತಿನ ಜೊತೆ ಮಾತನ್ನೂ ನುಂಗಿಕೊಂಡಿದ್ದ. ತಾಯಿ ಬೇಗ ತೀರಿಕೊಂಡ ಮನೆ ಅದು. ಮಗಳಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಆ ತಾಯಿಯೇ. ಇದ್ದದ್ದು ಅಪ್ಪ, ಮಗಳು, ಆಗಾಗ ಬಂದು ಮನೆ ತುಂಬ ಮಾತಾಡಿ ಹೋಗುವ ಈ ಮಾವ. ಲೋಕದಲ್ಲಿ ಯಾರು ಏನೇ ಅಂದರೂ, ಅಪ್ಪನ ಬಾಯಲ್ಲಿ ಮಾತ್ರ ಆ ಪದ ಇಲ್ಲ ಎಂಬ ಒಂದು ನೆಮ್ಮದಿಯ ಮೇಲೆ ಗುಬ್ಬಿ ಬೆಳೆದಳು.

ಅವರ ಅಂಗಡಿಯಲ್ಲಿ ತಯಾರಾಗುತ್ತಿದ್ದುದು ಬೇರೆ ಕಡೆ ಸಿಗದ ಪಾದರಕ್ಷೆ. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ತಿರುಚಿದವರಿಗೆ, ಬೆರಳು ಕಳೆದುಕೊಂಡವರಿಗೆ. ಗೋಡೆಯ ಹಲಗೆಗಳ ಮೇಲೆ ಮರದ ಅಚ್ಚುಗಳು ಜೋಡಿ ಜೋಡಿಯಾಗಿ ಕೂತಿದ್ದವು. ಯಾವ ಜೋಡಿಯಲ್ಲೂ ಎಡಕ್ಕೂ ಬಲಕ್ಕೂ ಹೋಲಿಕೆಯಿಲ್ಲ. ಅಪ್ಪನ ಕೈಚಳಕ ಇದ್ದದ್ದು ಒಂದೇ ವಿಷಯದಲ್ಲಿ: ಗಿಡ್ಡ ಕಾಲಿಗೆ ಬೇಕಾದ ಎತ್ತರವನ್ನು ಆತ ಅಟ್ಟೆಯ ಹೊರಗೆ ಕೊಡುತ್ತಿರಲಿಲ್ಲ. ಕಾರ್ಕನ್ನು ಸೀಳಿ, ಉಜ್ಜಿ, ಶೂವಿನ ಒಳಗೇ ಅಡಗಿಸುತ್ತಿದ್ದ. "ನಡೆದ್ರೆ ಯಾರಿಗೂ ಗೊತ್ತಾಗ್ಬಾರ್ದು" ಎನ್ನುವುದು ಆತನ ಹೆಮ್ಮೆಯ ಮಾತು. ಒಳಗೆ ಅಷ್ಟು ತುಂಬಿದ ಮೇಲೆ ಬೆರಳುಗಳಿಗೆ ಜಾಗ ಸಾಲದೆ ಸಂಜೆಯ ಹೊತ್ತಿಗೆ ನೋಯುತ್ತದೆ ಎಂದು ಗುಬ್ಬಿಗೆ ಗೊತ್ತಿತ್ತು. ಅವಳು ಹೇಳಿರಲಿಲ್ಲ.

ಗಿರಾಕಿಗಳನ್ನು ಕಳಿಸುತ್ತಿದ್ದವರು ದೊಡ್ಡ ರಸ್ತೆಯ ಮೂಳೆ ಡಾಕ್ಟರು. ಚೀಟಿಯ ಹಿಂದೆ ಅಂಗಡಿಗೆ ಬರುವ ದಾರಿಯನ್ನು ತಾವೇ ಗೀಚಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ದಾರಿ ತೋರಿಸುವವರಿಲ್ಲ. ಅದೇ ಹೊತ್ತಿಗೆ ಅಪ್ಪನ ಕೈ ನಡುಗಲು ಶುರುವಾಯಿತು. ದಬ್ಬಳ ಹಿಡಿದರೆ ತುದಿ ಅಲ್ಲಾಡುತ್ತಿತ್ತು. ಹೊಲಿಗೆಯನ್ನು ಗುಬ್ಬಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅಪ್ಪನಿಗೆ ಈಗ ಇದ್ದದ್ದು ಒಂದೇ ಚಿಂತೆ. ಕೈ ಪೂರ್ತಿ ನಿಲ್ಲುವ ಮೊದಲು ಅಂಗಡಿ ಮಗಳ ಪಾಲಿಗೆ ನಿಲ್ಲಬೇಕು. ಬೇರೆ ಎಲ್ಲಿ ಕೆಲಸ ಕೇಳಿದರೂ ಜನ ಮೊದಲು ಅವಳ ಕಾಲು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ ಎಂದು ಆತನಿಗೆ ಗೊತ್ತಿತ್ತು.

ಮಾವನ ಕಸುಬು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು. ಟೈರಿನವನಿಗೆ, ಬೀಗದ ಕೈಯವನಿಗೆ ಮಾಡಿಕೊಟ್ಟ ಹಾಗೆ ಭಾವನಿಗೂ ಒಂದು ಮಾಡಿಕೊಟ್ಟಿದ್ದ. ಅದರ ನೆತ್ತಿಯ ಮೇಲಿನ ಮಾತು ಅಪ್ಪನದೇ: 'ವಿಭಿನ್ನ ಪಾದಗಳಿಗೆ ಹೊಂದುವ ವಿಶೇಷ ಪಾದರಕ್ಷೆಗಳು'. ಫೋಟೋಗಳೂ ಆತ ಹೇಳಿದ ಹಾಗೆಯೇ, ಎಲ್ಲವೂ ಮೇಲಿನಿಂದ ತೆಗೆದವು. ಯಾವ ಶೂವಿನ ಪಕ್ಕವೂ ಕಾಣುವಂತಿಲ್ಲ. ಸೈಟು ಬಂದು ತಿಂಗಳುಗಳಾದರೂ ಒಂದು ನರಪಿಳ್ಳೆಯೂ ಅದನ್ನು ನೋಡಿ ಬರಲಿಲ್ಲ.

ಗುಬ್ಬಿ ಚರ್ಮ ತರಲು ಹೋಗಿದ್ದ ಒಂದು ಮಧ್ಯಾಹ್ನ ಮಾವ ಲ್ಯಾಪ್‌ಟಾಪ್ ತೆರೆದು ಕೂತ.

"ಭಾವ, ಬೇಜಾರು ಮಾಡ್ಕೋಬೇಡಿ. ನೆಟ್‌ನಲ್ಲಿ ಹುಡುಕಿದ್ರೆ ನಿಮ್ಮ ಅಂಗಡಿ ಒಂಬತ್ತನೇ ಪುಟದಲ್ಲಿ ಬರುತ್ತೆ. ಒಂಬತ್ತನೇ ಪುಟಕ್ಕೆ ದೇವರೂ ಹೋಗಲ್ಲ."

"ಯಾಕಪ್ಪ? ಎಲ್ಲಾ ಚೆನ್ನಾಗೇ ಬರೆದಿದ್ದೀವಲ್ಲ?"

"ಚೆನ್ನಾಗಿ ಬರೆದಿದ್ದೇ ಎಡವಟ್ಟು. 'ವಿಭಿನ್ನ ಪಾದ' ಅಂತ ಈ ಭೂಮಿ ಮೇಲೆ ಯಾರಾದ್ರೂ ಫೋನಲ್ಲಿ ಒತ್ತಿ ಹುಡುಕ್ತಾರಾ? ಜನ ಒತ್ತೋ ಮಾತು ಪುಟದಲ್ಲಿ ಇರ್ಬೇಕು. ಇದ್ರೆ ಆ ಹುಡುಕೋ ಯಂತ್ರ ಅವರನ್ನ ಕೈ ಹಿಡ್ಕೊಂಡು ಇಲ್ಲಿಗೆ ತಂದು ಬಿಡುತ್ತೆ. ಇಲ್ದಿದ್ರೆ ಇಲ್ಲ."

"ಜನ ಏನು ಒತ್ತುತ್ತಾರೆ?"

ಮಾವ ಪರದೆ ಒರೆಸುವವನ ಹಾಗೆ ಮಾಡಿದ. "ನಿಮಗೂ ಗೊತ್ತು, ನನಗೂ ಗೊತ್ತು" ಎಂದ.

"ಆ ಮಾತು ನನ್ನ ಅಂಗಡಿ ಮೇಲೆ ಬೇಡ."

"ಕಣ್ಣಿಗೆ ಕಾಣೋದೇ ಬೇಡ. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬರೀತೀನಿ. ನೋಡೋರಿಗೆ ಖಾಲಿ ಜಾಗ. ಯಂತ್ರ ಮಾತ್ರ ಓದುತ್ತೆ. ಕಳ್ಳದಾರಿ ಅನ್ನಿ, ಒಪ್ಕೊತೀನಿ. ಆದ್ರೆ ಅಂಗಡಿ ಮುಚ್ಚಿದ್ರೆ ಗುಬ್ಬಿ ಗತಿ ಏನು, ಅದನ್ನೂ ನೀವೇ ಹೇಳಿ."

ಅಪ್ಪ ತನ್ನ ಕೈ ನೋಡಿಕೊಂಡ. ತೊಡೆಯ ಮೇಲೆ ಇಟ್ಟಿದ್ದರೂ ಅದು ಸುಮ್ಮನಿರುತ್ತಿರಲಿಲ್ಲ.

"ಅವಳಿಗೆ ಗೊತ್ತಾಗ್ಬಾರ್ದು" ಎಂದ. ಆಮೇಲೆ, "ಬರೀ ಆ ಪದ ಸಾಲಲ್ಲ" ಎನ್ನುತ್ತಾ ಒಂದು ಚರ್ಮದ ಚೂರನ್ನು ಮಗುಚಿ, ಅದರ ಒರಟು ಬದಿಯ ಮೇಲೆ ಪೆನ್ಸಿಲಿನಿಂದ ಏನೋ ಬರೆದು ತೋರಿಸಿದ. ಮಾವ ಓದಿ ಲ್ಯಾಪ್‌ಟಾಪಿನಲ್ಲಿ ಒತ್ತಿಕೊಂಡ. ಅಪ್ಪ ಅದನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅಳಿಸಿದ.

ಹುಡುಕುವ ಯಂತ್ರ ಮೋಸ ಮಾಡಲಿಲ್ಲ. ಕೆಲವೇ ವಾರಗಳಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು. ದೂರದೂರದಿಂದ ಜನ ವಿಳಾಸ ಕೇಳಿಕೊಂಡು ಬಂದರು. ಗುಬ್ಬಿಗೆ ಹಿಗ್ಗು. "ನೋಡಿದ್ಯಾ ಅಪ್ಪ, ಮರ್ಯಾದೆಯಿಂದ ಬರೆದ್ರೆ ಜನ ತಡವಾದ್ರೂ ಬರ್ತಾರೆ ಅಂತ ನಾನು ಹೇಳಿರ್ಲಿಲ್ವಾ?" ಎಂದು ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದಳು. ಅಪ್ಪ ಬಗ್ಗಿ ಕಾರ್ಕು ಉಜ್ಜುತ್ತಿದ್ದ.

ಹಾಗೆ ಬಂದವರಲ್ಲಿ ಒಬ್ಬರು ಆಪರೇಟರಮ್ಮ. ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹುಟ್ಟುಗುರುಡಿ, ದನಿ ಮಾತ್ರ ಬೀದಿಯ ಆ ತುದಿಗೆ ಕೇಳುವಂಥದ್ದು. ಸೊಂಟದ ಮೂಳೆ ಮುರಿದು, ಕೂಡಿಸಿದ ಮೇಲೆ ಒಂದು ಕಾಲು ಗಿಡ್ಡವಾಗಿತ್ತು. ಕೋಲು ತಟ್ಟುತ್ತಾ ಒಳಗೆ ಬಂದು ಕುರ್ಚಿಯನ್ನು ಕೈಯಿಂದ ತಡವಿ ಕೂತರು.

"ನನ್ನ ಕಣ್ಣು ಇದೇ ಕಣಮ್ಮ" ಎಂದು ಫೋನು ತೋರಿಸಿದರು. "ಪರದೆ ಮೇಲೆ ಇರೋದನ್ನೆಲ್ಲ ಓದಿ ಹೇಳುತ್ತೆ. ನನಗಿಂತ ವಾಚಾಳಿ."

ಗುಬ್ಬಿ ನೆಲದ ಮೇಲೆ ಕೂತು, ಕಾಗದ ಹಾಸಿ, ಅವರ ಪಾದದ ಸುತ್ತ ಪೆನ್ಸಿಲು ಆಡಿಸತೊಡಗಿದಳು. ಆಪರೇಟರಮ್ಮ ಕಚಗುಳಿಗೆ ನಕ್ಕರು. ಒಳಗೆ ಅಪ್ಪನ ಹೊಲಿಗೆ ಯಂತ್ರ ಟಕಟಕ ಅನ್ನುತ್ತಿತ್ತು.

"ನಿಮ್ಮ ಪುಟ ಕೇಳಿದೆ. ಬಹಳ ಚೆನ್ನಾಗಿ ಬರೆದಿದ್ದೀರಿ" ಎಂದರು ಆಕೆ. "ಆದ್ರೆ ಕೊನೇಲಿ ಯಾರೋ ಬೈದಿದ್ದಾರಲ್ಲ, ಅದ್ಯಾಕೆ ಹಾಗೇ ಬಿಟ್ಟಿದ್ದೀರಿ?"

"ಬೈದಿದ್ದಾರಾ? ಬೇರೆ ಯಾವುದೋ ಪುಟ ಇರ್ಬೇಕು ಅಮ್ಮ."

"ಯಾವುದೋ ಅಲ್ಲ, ನಿಮ್ಮದೇ. ಕೇಳು."

ಫೋನಿನೊಳಗಿನ ಹೆಂಗಸು ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದಳು. ವಿಭಿನ್ನ ಪಾದಗಳಿಗೆ ಹೊಂದುವ ವಿಶೇಷ ಪಾದರಕ್ಷೆಗಳು. ವಿಳಾಸ. ಸಮಯ. ಆಮೇಲೆ ಉಸಿರೂ ತೆಗೆದುಕೊಳ್ಳದೆ: ಕುಂಟ ಕಾಲಿಗೆ ಚಪ್ಪಲಿ. ಕುಂಟರ ಶೂ. ಕುಂಟಿಗೆ ಚಪ್ಪಲಿ. ಕುಂಟ ಮಗುವಿಗೆ ಶೂ. ಕುಂಟ ಹೆಣ್ಣುಮಗುವಿಗೆ ಶೂ. ಕುಂಟಿ. ಕುಂಟಿ. ಕುಂಟಿ.

ಒಳಗೆ ಯಂತ್ರ ನಿಂತಿತು.

ಗುಬ್ಬಿ ತನ್ನ ಫೋನು ತೆಗೆದು ಅದೇ ಪುಟ ನೋಡಿದಳು. ವಿಳಾಸದ ಕೆಳಗೆ ಏನೂ ಇಲ್ಲ, ಬರೀ ಬಿಳಿ. ಆ ಬಿಳಿಯ ಮೇಲೆ ಬೆರಳು ಒತ್ತಿ ಎಳೆದಾಗ ನೀಲಿ ಪಟ್ಟಿಯೊಳಗಿಂದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಓದಿದಳು. ಫೋನು ಮಗುಚಿಟ್ಟು ಮತ್ತೆ ಪೆನ್ಸಿಲು ಹಿಡಿದಳು. ಹೆಬ್ಬೆರಳು ಆಗಿತ್ತು, ಉಳಿದ ಬೆರಳುಗಳ ಸುತ್ತ ನಿಧಾನವಾಗಿ ಬರೆದು ಹಿಮ್ಮಡಿಗೆ ತಂದು ಮುಗಿಸಿದಳು.

"ಯಾಕಮ್ಮ, ಕೈ ಇಷ್ಟು ತಣ್ಣಗಾಯ್ತು?" ಎಂದರು ಆಪರೇಟರಮ್ಮ. "ನಾನೇನಾದ್ರೂ ತಪ್ಪು ಮಾತಾಡಿದ್ನಾ ತಾಯಿ?"

"ಇಲ್ಲಮ್ಮ. ಮುಂದಿನ ವಾರ ಬನ್ನಿ. ಹಾಕಿ ನೋಡೋಣ."

ಅವರ ಕೋಲಿನ ಸದ್ದು ಬೀದಿಯಲ್ಲಿ ದೂರವಾಗುವವರೆಗೂ ಅಪ್ಪನೂ ಮಗಳೂ ಅಲ್ಲಾಡಲಿಲ್ಲ.

"ನಿನಗೆ ಗೊತ್ತಿತ್ತಾ ಅಪ್ಪ?"

"ಯಾರಿಗೂ ಕಾಣಲ್ಲ ಅಂದಿದ್ದ ನಿಮ್ಮ ಮಾವ..."

"ಗೊತ್ತಿತ್ತಾ ಅಂತ ಕೇಳ್ದೆ."

ಅಪ್ಪ ಹೌದೆಂದು ತಲೆಯಾಡಿಸಿದ. ಗುಬ್ಬಿ ಅತ್ತಳು. ಬೀದಿಯ ಹುಡುಗರು ಕೂಗಿದಾಗ, ಬಸ್ಸಿನಲ್ಲಿ ಕನಿಕರದವರು ಜಾಗ ಬಿಟ್ಟಾಗ ಅಳದವಳು ಚರ್ಮದ ಚೂರುಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅವರೆಲ್ಲ ಮುಖದ ಮುಂದೆ ಕರೆದ್ರು ಅಪ್ಪ. ನೀನು ಬೆನ್ನ ಹಿಂದೆ ಬರೆದೆ. ಊರಲ್ಲಿ ಎಲ್ಲರ ಬಾಯಲ್ಲೂ ಇದೆ, ನಮ್ಮಪ್ಪನ ಹತ್ರ ಮಾತ್ರ ಇಲ್ಲ ಅಂತ ಅಂದ್ಕೊಂಡಿದ್ದೆ. ನಿನ್ನ ಹತ್ರಾನೂ ಇತ್ತು. ಬಿಳಿ ಬಳಿದು ಇಟ್ಕೊಂಡಿದ್ದೆ, ಅಷ್ಟೆ."

ಆ ದಿನದಿಂದ ಇಬ್ಬರ ನಡುವೆ ಅಳತೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಅಂಟು ಕೊಡು. ಇದನ್ನು ಕತ್ತರಿಸು. ಊಟ ಆಯ್ತಾ. ಆಯ್ತು. ಬೆಳಿಗ್ಗೆ ಬಕೆಟ್ಟು ಮಾತ್ರ ನಿಲ್ಲಲಿಲ್ಲ; ನಡುಗುವ ಕೈಯಲ್ಲಿ ಅರ್ಧ ನೀರು ಹೊಸಿಲಲ್ಲೇ ಚೆಲ್ಲುತ್ತಿತ್ತು.

ಅಷ್ಟರಲ್ಲಿ ಫೋನೂ ಮೂಕವಾಯಿತು. ಮಾವ ಓಡಿಬಂದ.

"ಆ ಹುಡುಕೋ ಯಂತ್ರಕ್ಕೂ ಮೂಗಿದೆ ಕಣೇ. ಬಚ್ಚಿಟ್ಟು ಬರೆದಿದ್ದು ವಾಸನೆ ಹಿಡಿದುಬಿಡ್ತು. ನಮ್ಮನ್ನ ಪಟ್ಟಿಯಿಂದಾನೇ ಎತ್ತಿ ಎಸೆದಿದೆ. ಈಗ ಒಂಬತ್ತನೇ ಪುಟಾನೂ ಇಲ್ಲ. ಅಳಿಸಿಹಾಕಿದೀನಿ, ಕ್ಷಮಿಸು ಅಂತ ಕೇಳಿದೀನಿ. ಅದು ಯಾವಾಗ ಮನಸ್ಸು ಮಾಡುತ್ತೋ ನೋಡ್ಬೇಕು."

"ಯಂತ್ರಕ್ಕೆ ಕ್ಷಮೆ ಕೇಳಿದ್ಯಾ ಮಾವ? ಭೇಷ್" ಎಂದಳು ಗುಬ್ಬಿ. "ನನ್ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

ಮಾವ ನಿಂತಲ್ಲೇ ಕುಗ್ಗಿದ. "ತಪ್ಪಾಯ್ತು ಮಗಳೇ. ನೀನು ಹೊಡೆದ್ರೂ ಹೊಡೆಸ್ಕೊತೀನಿ" ಎಂದ. "ಆದ್ರೆ ಒಂದೇ ಒಂದು ಸಲ ಇದನ್ನ ನೋಡು. ಆ ಮಾತು ಒತ್ತಿದವರು ಯಾರು ಅಂತ ನೋಡು. ಆಮೇಲೆ ಬಯ್ಯಿ."

ಒಂದು ಪುಟಕ್ಕೆ ಬಂದವರು ಏನೇನು ಒತ್ತಿ ಹುಡುಕಿ ಬಂದರು ಎಂಬುದನ್ನು ಆ ಯಂತ್ರ ಅಂಗಡಿಯವರಿಗೆ ತಿಳಿಸುತ್ತದೆ. ಹೆಸರು ಇರುವುದಿಲ್ಲ, ಮಾತು ಮಾತ್ರ. ಬೈಗುಳಗಳನ್ನೇ ನೋಡಬೇಕಾದೀತು ಎಂದು ಗುಬ್ಬಿ ಹಲ್ಲುಕಚ್ಚಿ ಓದಿದಳು. 'ಕುಂಟ ಮಗು ಶೂ ಎಲ್ಲಿ ಸಿಗುತ್ತೆ'. 'ಮಗಳು ಕುಂಟುತ್ತಾಳೆ ಚಪ್ಪಲಿ ನಿಲ್ಲಲ್ಲ'. 'ಕುಂಟ ಹುಡುಗಿ ಶಾಲೆಗೆ ಹೋಗಲ್ಲ ಅಂತಾಳೆ ಏನು ಮಾಡಲಿ'. ಶೂವನ್ನೇ ಕೇಳದ ಒಂದು ಸಾಲೂ ಇತ್ತು: 'ಮಗು ಕುಂಟ ಆಗಿದ್ದು ನನ್ನ ತಪ್ಪಾ'.

ಗುಬ್ಬಿ ಬಹಳ ಹೊತ್ತು ಆ ಸಾಲು ಬಿಟ್ಟು ಮುಂದೆ ಹೋಗಲಿಲ್ಲ. ಇದನ್ನು ಒತ್ತಿದವರು ಈ ಮಾತನ್ನು ಇನ್ನೊಬ್ಬರ ಮುಂದೆ ಆಡಿರಲಾರರು.

"ಕುಂಟ ಮಗು, ಹೆಣ್ಣುಮಗು ಅಂತೆಲ್ಲ ಒತ್ತುತ್ತಾರೆ ಅಂತ ನಿನಗೆ ಹೇಗೆ ಹೊಳೀತು ಮಾವ?"

"ನನಗೆಲ್ಲಿ ಹೊಳೀಬೇಕು! ನಿಮ್ಮಪ್ಪ ಬರೆದುಕೊಟ್ಟಿದ್ದು."

ಗುಬ್ಬಿ ಒಳಗೆ ಹೋದಳು. ಅಪ್ಪ ಆಪರೇಟರಮ್ಮನ ಶೂ ಹಿಡಿದು ಕೂತಿದ್ದ. ದಾರ ಪೋಣಿಸಲು ಆಗುತ್ತಿರಲಿಲ್ಲ. ದಬ್ಬಳದ ಕಣ್ಣು ಒಂದು ಕಡೆ, ದಾರ ಒಂದು ಕಡೆ. ಅವಳು ಅದನ್ನು ತೆಗೆದುಕೊಂಡು ಪೋಣಿಸಿ, ವಾಪಸ್ ಕೊಡದೆ ಪಕ್ಕದಲ್ಲಿ ಕೂತಳು.

"ಅಪ್ಪ, ಅದನ್ನೇ ಒತ್ತುತ್ತಾರೆ ಅಂತ ನಿನಗೆ ಹೇಗೆ ಗೊತ್ತು?"

ಅಪ್ಪ ಕಿಟಕಿಯ ಕಡೆ ನೋಡುತ್ತಾ ಮಾತಾಡಿದ.

"ನೀನು ಆಗಿನ್ನೂ ನಡೆಯೋಕೆ ಕಲೀತಿದ್ದೆ. ಎದ್ದು ನಿಲ್ತಿದ್ದೆ, ಬೀಳ್ತಿದ್ದೆ. ಮಾರ್ಕೆಟ್ಟಲ್ಲಿ ಇರೋ ಅಂಗಡಿಗಳೆಲ್ಲ ಸುತ್ತಿದೆ. ಯಾರೋ ಹೇಳಿದ್ರು, ಕಂಪ್ಯೂಟರ್ ಅಂಗಡಿಗೆ ಹೋಗು, ಅದ್ರಲ್ಲಿ ಪ್ರಪಂಚಾನೇ ಇದೆ ಅಂತ. ಹೋದೆ. ನಂಗೆ ಒತ್ತೋಕೆ ಬರ್ತಿರ್ಲಿಲ್ಲ. ಅಲ್ಲಿದ್ದವನು, ಏನು ಹುಡುಕ್ಬೇಕು ಹೇಳಿ ಅಂದ. ಸುತ್ತ ಜನ ಇದ್ರು. ಹೇಳ್ದೆ. ನಂಗೆ ಬೇರೆ ಮಾತು ಗೊತ್ತಿರ್ಲಿಲ್ಲ ಗುಬ್ಬಿ. ಅದೊಂದೇ ಗೊತ್ತಿದ್ದದ್ದು. ಯಾರೋ ಕಿಸಕ್ ಅಂದ್ರು. ಏನೂ ಸಿಗ್ಲಿಲ್ಲ. ಪ್ರಪಂಚಾನೇ ಇದೆ ಅಂದ್ರಲ್ಲ, ಅದ್ರಲ್ಲಿ ನಿನ್ನ ಕಾಲಿಗೆ ಒಂದು ಶೂ ಇರ್ಲಿಲ್ಲ. ಅಲ್ಲಿವರೆಗೂ ನಾನು ಕುರ್ಚಿಗೆ ದಿಂಬು ಹೊಲೀತಿದ್ದವನು. ಅವತ್ತೇ ಮೊದಲು ಕಾರ್ಕು ತಂದಿದ್ದು."

"ಯಾಕೆ ಹೇಳ್ಲಿಲ್ಲ ಅಪ್ಪ?"

"ಹೇಳ್ಬೇಕಾದ್ರೆ ಆ ಮಾತನ್ನ ಹೇಳ್ಬೇಕಿತ್ತಲ್ಲ."

ಗುಬ್ಬಿಯ ಕಣ್ಣಲ್ಲಿ ನೀರು ತುಂಬಿತು. ನೋವು ಹೋಯಿತು ಎಂದಲ್ಲ. ಬರೆದದ್ದು ಬರೆದದ್ದೇ. ಆದರೆ ಕಂಪ್ಯೂಟರ್ ಅಂಗಡಿಯ ಜನರ ನಡುವೆ, ಗೊತ್ತಿದ್ದ ಒಂದೇ ಪದ ಹಿಡಿದುಕೊಂಡು ನಿಂತಿದ್ದ ಒಬ್ಬ ಮನುಷ್ಯನನ್ನು ಅವಳು ಮೊದಲ ಸಲ ಕಂಡಿದ್ದಳು.

ಅವಳು ಎರಡು ದಿನ ಕೂತು ಬರೆದಳು. ಬರೆದದ್ದನ್ನು ಮಾವನಿಗೆ ಕೊಟ್ಟು, "ಕಪ್ಪು ಅಕ್ಷರದಲ್ಲಿ ಹಾಕು. ದಪ್ಪಗೆ. ಪುಟದ ಮೇಲ್ಗಡೆ" ಎಂದಳು. ಹಾಗೆಯೇ ಶೂಗಳ ಫೋಟೋ ಮತ್ತೆ ತೆಗೆಸಿದಳು, ಈ ಸಲ ಪಕ್ಕದಿಂದ. ಅಪ್ಪ, "ಬೇಡ ಗುಬ್ಬಿ, ಎತ್ತರ ಕಾಣುತ್ತೆ" ಎಂದ. "ಕಾಣ್ಲಿ ಅಪ್ಪ. ಎತ್ತರಾನೇ ಹುಡುಕ್ಕೊಂಡು ಬರೋದು ಅವರು" ಎಂದಳು. ಆಪರೇಟರಮ್ಮನ ಶೂವಿಗೆ ಎತ್ತರವನ್ನು ಅಟ್ಟೆಯ ಹೊರಗೇ ಕೊಟ್ಟು, ಕೊನೆಯ ಹೊಲಿಗೆಯನ್ನು ತಾನೇ ಹಾಕಿ ಮುಗಿಸಿದಳು. ಅಪ್ಪ ಪಕ್ಕದಲ್ಲಿ ಕೂತು ನೋಡಿದ. ಅವನ ಕೈಗೆ ಇನ್ನು ಈ ಕೆಲಸ ಆಗದು ಎಂಬುದು ಅವತ್ತು ಇಬ್ಬರಿಗೂ ಗೊತ್ತಾಯಿತು.

ಆಪರೇಟರಮ್ಮ ಶೂ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ನಡೆದರು. "ಅಯ್ಯೋ, ಬೆರಳಿಗೆಲ್ಲ ಎಷ್ಟು ಜಾಗ ಮಾರಾಯ್ತಿ!" ಎಂದು ನಕ್ಕರು. ಆಮೇಲೆ, "ಆ ಬೈಗುಳ ತೆಗೆದ್ಯಾ?" ಎಂದು ಕೇಳಿದರು.

"ನೀವೇ ಕೇಳಿ ನೋಡಿ ಅಮ್ಮ."

ಫೋನಿನ ಹೆಂಗಸು ಅದೇ ಏರಿಳಿತವಿಲ್ಲದ ದನಿಯಲ್ಲಿ ಓದಿದಳು:

"ಕುಂಟ ಮಗುವಿಗೆ ಶೂ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದೀರಾ? ಇಲ್ಲಿ ಸಿಗುತ್ತದೆ. ನನ್ನನ್ನೂ ಬೀದಿಯಲ್ಲಿ ಕುಂಟಿ ಎಂದು ಕರೆಯುತ್ತಿದ್ದರು. ನಮ್ಮಪ್ಪ ನನಗಾಗಿ ಇದೇ ಮಾತು ಹೇಳಿ ಹುಡುಕಿದ್ದರು. ಅವರಿಗೆ ಎಲ್ಲೂ ಏನೂ ಸಿಗಲಿಲ್ಲ. ಆದ್ದರಿಂದ ಅವರೇ ಮಾಡಿದರು. ಈ ಮಾತು ಒತ್ತಿದ್ದಕ್ಕೆ ನಾಚಿಕೊಳ್ಳಬೇಡಿ. ನಿಮಗೆ ಬೇರೆ ಮಾತು ಯಾರೂ ಹೇಳಿಕೊಟ್ಟಿಲ್ಲ. ಮಗುವನ್ನು ಕರೆದುಕೊಂಡು ಬನ್ನಿ. ಒಳಗೆ ಬಂದ ಮೇಲೆ ನಾವು ಅವಳನ್ನು ಅವಳ ಹೆಸರಿನಿಂದ ಕರೆಯುತ್ತೇವೆ."

ಆಪರೇಟರಮ್ಮ ಕೈ ಚಾಚಿ ಗಾಳಿಯಲ್ಲಿ ತಡಕಿ, ಗುಬ್ಬಿಯ ತಲೆ ಸಿಕ್ಕಾಗ ಅದರ ಮೇಲೆ ಅಂಗೈ ಇಟ್ಟರು. ಒಳಗೆ ಅಪ್ಪ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂತಿದ್ದ. ಅವನ ಹೆಗಲು ಅಲುಗುತ್ತಿದ್ದುದು ಕೈನಡುಕದಿಂದಲ್ಲ.

ಪುಟ ಒಂದೇ ಸಲಕ್ಕೆ ಮೇಲೇರಲಿಲ್ಲ. ಯಂತ್ರದ ಮುನಿಸು ಇಳಿಯಲು ತಿಂಗಳುಗಳೇ ಬೇಕಾದವು. ಆಪರೇಟರಮ್ಮ ತಮ್ಮ ಬಳಗಕ್ಕೆಲ್ಲ ಅದನ್ನು ಕಳಿಸಿದರು, ಅವರು ಇನ್ನೊಬ್ಬರಿಗೆ ಕಳಿಸಿದರು. ಮೊದಲು ಮತ್ತೆ ಒಂಬತ್ತನೇ ಪುಟಕ್ಕೆ ಬಂತು, ಅಲ್ಲಿಂದ ಆರಕ್ಕೆ, ಆರರಿಂದ ಮೂರಕ್ಕೆ. ಮಾವ ಬಂದಾಗಲೆಲ್ಲ ಅದನ್ನು ಹೇಳುತ್ತಿದ್ದ, "ಕುಂಟ್ಕೊಂಡಾದ್ರೂ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಗುಬ್ಬಿ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಅಂಗಡಿ ಆಗತಾನೇ ತೆರೆದಿತ್ತು. ಒಬ್ಬ ಹೆಂಗಸು ಪುಟ್ಟ ಹುಡುಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು ಹೊಸಿಲಲ್ಲೇ ನಿಂತಳು. ಹುಡುಗಿ ಎತ್ತಿಕೊಳ್ಳುವ ವಯಸ್ಸು ದಾಟಿದವಳು.

"ಒಳಗೆ ಬನ್ನಿ ಅಕ್ಕ."

"ನಾನು..." ಹೆಂಗಸು ದನಿ ತಗ್ಗಿಸಿದಳು. "ನಾನು ಒಂದು ಕೆಟ್ಟ ಮಾತು ಒತ್ತಿ ಹುಡುಕ್ದೆ."

"ನಮ್ಮಪ್ಪನೂ ಅದನ್ನೇ ಹೇಳಿ ಹುಡುಕಿದ್ದು" ಎಂದಳು ಗುಬ್ಬಿ. ಆ ತಾಯಿಗೆ ಅದಕ್ಕಿಂತ ಹೆಚ್ಚು ಕೇಳಬೇಕಾಗಿರಲಿಲ್ಲ. ಕುರ್ಚಿಗೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ತಾಯಿ ಅಳುತ್ತಿದ್ದ ಹೊತ್ತಿನಲ್ಲಿ ಹುಡುಗಿ ಕೆಳಗಿಳಿದು ಹೊರಗೆ ಹೋದಳು. ಅಲ್ಲಿ ಅಪ್ಪ ಬಕೆಟ್ಟು ಹಿಡಿದು ನಿಂತಿದ್ದ. ನಿನ್ನೆ ಸಂಜೆಯ ಚೌಕಗಳು ಇನ್ನೂ ನೆಲದ ಮೇಲಿದ್ದವು. ಹುಡುಗಿ ಒಂದು ಕಾಲು ಊರಿ, ಇನ್ನೊಂದರ ತುದಿಬೆರಳು ಮಾತ್ರ ತಾಗಿಸಿ ನಿಂತು ಆ ಗೆರೆಗಳನ್ನು ನೋಡಿದಳು.

"ತಾತ, ಇದೇನಾಟ?"

ಅಪ್ಪ ಬೆಚ್ಚಿದ. ಗುಬ್ಬಿ ಬಾಗಿಲಿಗೆ ಬಂದು ನಿಂತಿದ್ದಳು. ಚೌಕದಾಟ ಎಂದುಬಿಡುವುದು ಆತನಿಗೆ ಕಷ್ಟವಿರಲಿಲ್ಲ, ಅಷ್ಟು ವರ್ಷ ಅಂದಿದ್ದ. ಅವನು ಬಕೆಟ್ಟನ್ನು ಕೆಳಗಿಟ್ಟ.

"ಇದು..." ಎಂದ. "ಇದು ಕುಂಟೆಬಿಲ್ಲೆ ಮಗಾ."

"ಹೇಗೆ ಆಡೋದು?"

"ಒಂದೇ ಕಾಲಲ್ಲಿ ಹೋಗ್ಬೇಕು."

"ನಾನೊಬ್ಳೇನಾ?"

"ಇಲ್ಲ ಕಂದ. ಇದ್ರಲ್ಲಿ ಎಲ್ಲರೂ ಒಂದೇ ಕಾಲಲ್ಲೇ ಹೋಗ್ಬೇಕು."

ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಗಟ್ಟಿ ಕಾಲನ್ನು ಊರಿ, ಗಿಡ್ಡ ಕಾಲನ್ನು ಮಡಿಸಿ, ಮೊದಲ ಚೌಕಕ್ಕೆ ಹಾರಿದಳು. ಎರಡನೆಯದಕ್ಕೆ ಹಾರಿದಳು. ಬೀಳಲಿಲ್ಲ. ಬೀದಿಯಲ್ಲಿ ಯಾರೂ ನಗಲಿಲ್ಲ. ಎದುರಿನ ಗಡಿಯಾರದವನು ಭೂತಗನ್ನಡಿ ಕಣ್ಣಿಂದ ತೆಗೆದು ನೋಡುತ್ತಾ ನಿಂತ.

ಅಪ್ಪ ಆ ಹುಡುಗಿಯನ್ನೇ ನೋಡುತ್ತಿದ್ದ. ಅವಳು ಕೊನೆಯ ಚೌಕ ಮುಟ್ಟಿ ಚಪ್ಪಾಳೆ ತಟ್ಟಿದಾಗ ಅವನ ಮುಖ ಕಿವುಚಿಕೊಂಡಿತು. ತಿರುಗಿ ಮಗಳನ್ನು ನೋಡಿದ.

"ಗುಬ್ಬಿ... ನೀನೂ ಆಡ್ಬೋದಿತ್ತಲ್ಲೇ."

ಗುಬ್ಬಿ ಬಂದು ಅವನ ನಡುಗುವ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೂಂ ಅಪ್ಪ" ಎಂದಳು. "ಆಡ್ಬೋದಿತ್ತು."

ಬಕೆಟ್ಟಿನ ನೀರು ಅವತ್ತು ಸಂಜೆಯವರೆಗೂ ಹೊಸಿಲ ಪಕ್ಕದಲ್ಲೇ ಇತ್ತು.